ಹಿಲ್ ಹೋಲ್ಡ್ ಇದ್ದರೂ ಗಾಡಿ ಜಾರುತ್ತಾ? ಎಡಗಾಲಿಗೆ ಹೀಗೆ ಪಾಠ ಮಾಡಿ

ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. 14 ಹೇರ್‌ಪಿನ್ ತಿರುವು. ಹೊಸ ಕಾರು, ಏರಿನಲ್ಲಿ ಬ್ರೇಕ್ ಬಿಟ್ಟರೂ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇದೆಯೆಂಬ ಧೈರ್ಯ ಬೇರೆ. ಅರ್ಧ ದಾರಿಯಲ್ಲಿ ಎದುರಿಂದ ಬಸ್ ಬಂತು, ನಿಲ್ಲಿಸಿದೆ. ಆಮೇಲೆ ಬ್ರೇಕ್ ಬಿಟ್ಟರೆ ಕಾರು ಅಲ್ಲಾಡಲಿಲ್ಲ. ಆಹಾ ಅನ್ನುವಷ್ಟರಲ್ಲಿ ಹಿಂದಕ್ಕೆ ಜಾರಿತು! ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿ, ಹಾಫ್ ಕ್ಲಚ್ಚಿನಲ್ಲೇ (ಕ್ಲಚ್ ಪೂರ್ತಿ ಬಿಡದೆ) ಗೊರಗುಟ್ಟಿಸಿ ಹತ್ತಿಸಿದೆ. ಹಿಂದಿನ ಸೀಟಿನಿಂದ ಅಮ್ಮ, "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೋ" ಎಂದರು. ಸುಟ್ಟಿದ್ದು ಕ್ಲಚ್ ಪ್ಲೇಟು.

ತಪ್ಪು ನನ್ನದೇ. ಹಿಲ್ ಹೋಲ್ಡ್ ಬ್ರೇಕನ್ನು ಹಿಡಿದಿಡುವುದು ಸಾಮಾನ್ಯವಾಗಿ ಎರಡು ಸೆಕೆಂಡ್ ಮಾತ್ರ. ಬಲಗಾಲು ಬ್ರೇಕಿನಿಂದ ಆಕ್ಸಿಲರೇಟರಿಗೆ ದಾಟಲಿ ಅಂತ ಕೊಡುವ ಸಮಯ ಅದು. ಎಡಗಾಲಿನ ಕೆಲಸ ಮಾತ್ರ ಎಡಗಾಲೇ ಮಾಡಬೇಕು.

ಮೊದಲು ಸಮತಟ್ಟು ಜಾಗದಲ್ಲಿ

ಖಾಲಿ ಮೈದಾನ ಹುಡುಕಿ. ಹಿಮ್ಮಡಿ ನೆಲದ ಮೇಲಿರಲಿ, ತೊಡೆಯಿಂದಲ್ಲ, ಪಾದದಿಂದ ಕ್ಲಚ್ ಆಡಿಸಿ. ಫಸ್ಟ್ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚನ್ನು ನಿಧಾನಕ್ಕೆ ಬಿಡುತ್ತಾ ಬನ್ನಿ. ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು 800ರ ಆಸುಪಾಸಿನಲ್ಲಿರುತ್ತದೆ. ಒಂದು ಹಂತದಲ್ಲಿ ಮುಳ್ಳು ಚೂರು ಕೆಳಗಿಳಿಯುತ್ತದೆ, ಬಾನೆಟ್ಟು ಸಣ್ಣಗೆ ನಡುಗುತ್ತದೆ. ಕ್ಲಚ್ ಕಚ್ಚುವುದು ಅಲ್ಲೇ. ಅಲ್ಲಿ ಒಂದು ಕ್ಷಣ ಕಾಲು ನಿಲ್ಲಿಸಿ. ಇಳಿದ ಮುಳ್ಳು ತಾನಾಗಿಯೇ ಮೇಲೇರುವುದು ಕಾಣುತ್ತದೆ, ಅಲ್ವಾ? ಎಂಜಿನ್ ಆಫ್ ಆಗದಿರಲಿ ಅಂತ ಕಂಪ್ಯೂಟರು ಇಂಧನ ಜಾಸ್ತಿ ಕೊಡುತ್ತಿದೆ. ಕಾರ್ಬುರೇಟರ್ ಕಾಲದ ಗಾಡಿಗಳು ಇಷ್ಟು ಕರುಣೆ ತೋರಿಸುತ್ತಿರಲಿಲ್ಲ. ಹತ್ತಿಪ್ಪತ್ತು ಸಲ ಹೀಗೆ ಮಾಡಿ, ಮುಳ್ಳು ನೋಡದೆಯೂ ಕಾಲಿಗೆ ಗೊತ್ತಾಗುವವರೆಗೆ.

ಆಮೇಲೆ ಏರು

ಬ್ರೇಕ್ ಗಟ್ಟಿಯಾಗಿ ಒತ್ತಿ ಕಾರು ಪೂರ್ತಿ ನಿಲ್ಲಿಸಿ. ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕಿ. ನಾನು ಅವತ್ತು ಬ್ರೇಕ್ ಬಿಟ್ಟ ಮೇಲೆ ಕ್ಲಚ್ ಹುಡುಕಲು ಹೊರಟಿದ್ದೆ. ಅದು ಉಲ್ಟಾ. ಬಲಗಾಲು ಇನ್ನೂ ಬ್ರೇಕಿನ ಮೇಲಿರುವಾಗಲೇ ಕ್ಲಚ್ಚನ್ನು ಆ ನಡುಕದವರೆಗೆ ತನ್ನಿ. ನಡುಕ ಸಿಕ್ಕಿತೇ? ಈಗ ಬಲಗಾಲನ್ನು ಆಕ್ಸಿಲರೇಟರಿಗೆ ದಾಟಿಸಿ, ಸ್ವಲ್ಪ ಒತ್ತಿ, ಗಾಡಿ ಮುಂದೆ ಸರಿಯುತ್ತಿದ್ದಂತೆ ಕ್ಲಚ್ ಪೂರ್ತಿ ಬಿಡಿ.

ಏರು ತೀರಾ ಕಡಿಮೆ ಇದ್ದರೆ ಹಿಲ್ ಹೋಲ್ಡ್ ಕೆಲಸ ಮಾಡದೇ ಇರಬಹುದು. ಅಲ್ಲಿ ಹ್ಯಾಂಡ್ ಬ್ರೇಕೇ ಗತಿ. ಹಾಫ್ ಕ್ಲಚ್ಚಿನಲ್ಲೇ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿಕೊಳ್ಳುವ ಶೋಕಿ ಮಾತ್ರ ಬೇಡ. ಎಂಜಿನ್ ತಿರುಗಿಸುವ ಫ್ಲೈವೀಲಿಗೆ ಕ್ಲಚ್ ಪ್ಲೇಟು ಉಜ್ಜಿಕೊಂಡೇ ಇರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ.

ಸಿಗ್ನಲ್ಲಿನಲ್ಲಿ

"ನಿಂತಾಗ ಎಂಜಿನ್ ತಾನೇ ಆಫ್ ಆಗೋ ಸ್ಟಾರ್ಟ್-ಸ್ಟಾಪ್ ನನ್ನ ಕಾರಿನಲ್ಲಿ ಕೆಲಸಾನೇ ಮಾಡಲ್ಲ" ಅನ್ನುವವರು ತಮ್ಮ ಎಡಗಾಲು ಎಲ್ಲಿದೆ ನೋಡಿಕೊಳ್ಳಲಿ. ಸಾಮಾನ್ಯವಾಗಿ ಮ್ಯಾನುಯಲ್ ಕಾರಿನಲ್ಲಿ ನ್ಯೂಟ್ರಲ್ಲಿಗೆ ತಂದು ಕ್ಲಚ್ಚಿನಿಂದ ಕಾಲು ತೆಗೆದರೆ ಮಾತ್ರ ಎಂಜಿನ್ ಆಫ್ ಆಗುತ್ತದೆ. ಮತ್ತೆ ಕ್ಲಚ್ ಒತ್ತಿದರೆ ಸ್ಟಾರ್ಟ್. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಫಸ್ಟ್ ಗೇರ್ ಹಾಕಿ ಕ್ಲಚ್ ತುಳಿದುಕೊಂಡು ಕಾಯುವವರೇ ಜಾಸ್ತಿ. ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸುಮ್ನೆ ಸವೆಯುತ್ತದೆ, ಮಂಡಿಯೂ ನೋಯುತ್ತದೆ. ಈ ತಾಪತ್ರಯವೇ ಬೇಡ ಅಂತ 2020ರಲ್ಲಿ ಹ್ಯುಂಡೈ ವೆನ್ಯೂ ಕಾರಿಗೆ ಐಎಂಟಿ ಬಂತು. ಗೇರ್ ನಾವೇ ಹಾಕಬೇಕು, ಆದರೆ ಕ್ಲಚ್ ಪೆಡಲ್ ಇಲ್ಲ.

ಗಡಿಬಿಡಿಯಲ್ಲಿ

ದನ ಅಡ್ಡ ಬಂತು ಅಂದುಕೊಳ್ಳಿ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ಬ್ರೇಕನ್ನು ಪೂರ್ತಿ ಒತ್ತಿ, ಒತ್ತಿಯೇ ಇರಿ. ಪೆಡಲ್ ಗಡಗಡ ಎಂದರೆ ಹೆದರಿ ಕಾಲು ತೆಗೆಯಬೇಡಿ. ಎಂಜಿನ್ ಆಫ್ ಆಗದಿರಲು ಕ್ಲಚ್ಚೂ ಒತ್ತಿ. ಘಾಟಿ ಇಳಿಯುವಾಗ ಹಾಗಲ್ಲ, ಕ್ಲಚ್ ಒತ್ತಿಕೊಂಡೇ ಇಳಿದರೆ ಎಂಜಿನ್ನಿನ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ.

ಸುಟ್ಟ ವಾಸನೆ ಬಂದೇ ಬಿಟ್ಟರೆ ಸೇಫ್ ಜಾಗದಲ್ಲಿ ನಿಲ್ಲಿಸಿ, ತಣ್ಣಗಾಗಲು ಬಿಡಿ. ನಾವು ಅವತ್ತು ಅರ್ಧ ಗಂಟೆ ಮಂಗಗಳನ್ನು ನೋಡುತ್ತಾ ಕೂತೆವು. ಆಮೇಲೂ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ಸ್ಪೀಡ್ ಏರದಿದ್ದರೆ ಪ್ಲೇಟು ಸ್ಲಿಪ್ ಆಗುತ್ತಿದೆ ಎಂದರ್ಥ. ಗ್ಯಾರೇಜಿಗೆ ಫೋನ್ ಮಾಡಿ.