ಎರಡು ಇಂಚು ಎತ್ತರಿಸಿದ ಜಿಮ್ನಿ: ನನ್ನ ಅನುಭವ

ಉದ್ದದ ಸ್ಪ್ರಿಂಗ್ ಹಾಕಿ ನನ್ನ ಜಿಮ್ನಿಯನ್ನು (ಸುಜುಕಿಯ ಫೋರ್-ವೀಲ್ ಡ್ರೈವ್ ಗಾಡಿ) ಎತ್ತರಿಸುವ ಕೆಲಸಕ್ಕೆ ಕೈ ಹಾಕುವ ಮೊದಲು ನಾಲ್ಕೂ ಕಡೆ ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆದು ಬರೆದಿಟ್ಟುಕೊಂಡೆ. ಟೈರಿನ ಗಾಳಿ ಹೆಚ್ಚುಕಮ್ಮಿಯಾದರೂ ಈ ಅಳತೆ ಬದಲಾಗುವುದಿಲ್ಲ.

ಸ್ಪ್ರಿಂಗ್ ಉದ್ದವಾದರೆ ಮೇಲೇಳುವುದು ಚಾಸಿ (ಗಾಡಿಯ ಉಕ್ಕಿನ ಚೌಕಟ್ಟು) ಮತ್ತು ಬಾಡಿ. ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳ ಗುಂಡು) ಇರುವುದು ಎರಡು ಚಕ್ರ ಜೋಡಿಸುವ ಅಚ್ಚು, ಅಂದರೆ ಆಕ್ಸಲ್‌ನಲ್ಲಿ, ಅದು ಇದ್ದಲ್ಲೇ ಇರುತ್ತದೆ. ಅದರ ಕೆಳಗೆ ಜಾಗ ಬೇಕಂದ್ರೆ ದೊಡ್ಡ ಟೈರೇ ಬೇಕು. ಟೈರಿನ ವ್ಯಾಸ 2 ಇಂಚು ಹೆಚ್ಚಿದರೆ ಅಲ್ಲಿ ಸಿಗುವುದು 1 ಇಂಚು. ಬಂಡೆ ದಾಟುವಾಗ ಗಾಡಿಯ ಹೊಟ್ಟೆ ತಾಗಬಾರದು, ಸ್ವಲ್ಪ ದೊಡ್ಡ ಟೈರು ಕೂರಬೇಕು ಅನ್ನೋದು ನನ್ನ ಆಸೆ. ಅದಕ್ಕೆ 2 ಇಂಚು ಸಾಕು.

ಸ್ಪ್ರಿಂಗ್ ಬದಲಿಸುವುದು ಕಷ್ಟವಲ್ಲ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್‌ಗೆ ಜ್ಯಾಕ್ ಕೊಟ್ಟು, ಶಾಕ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಬಿಚ್ಚಿ ನಿಧಾನವಾಗಿ ಇಳಿಸಿದರೆ ಹಳೆಯದು ಕೈಗೆ ಬರುತ್ತದೆ. ಬರೀ ಜ್ಯಾಕ್ ನಂಬಿ ಗಾಡಿ ಅಡಿಗೆ ಹೋಗಲೇಬೇಡಿ.

ಹೊತ್ತು ಹಿಡಿದದ್ದು ಉಳಿದ ಕೆಲಸ. ಆಕ್ಸಲ್ ಪೂರ್ತಿ ಜೋತುಬಿದ್ದಾಗ ಬ್ರೇಕ್ ಹೋಸನ್ನು (ಬ್ರೇಕ್ ಎಣ್ಣೆಯ ಕೊಳವೆ) ಬೆರಳಲ್ಲಿ ಹಿಡಿದು, ಸ್ಟೀರಿಂಗ್ ಆ ತುದಿಯಿಂದ ಈ ತುದಿಗೆ ತಿರುಗಿಸಿ ನೋಡಿದೆ. ಮುಂದಿನ ಹೋಸ್ ತಂತಿಯ ಹಾಗೆ ಬಿಗಿಯಾಯಿತು. ಗಾಡಿ ನೆಲದ ಮೇಲೆ ನಿಂತಿದ್ದರೆ ಇದು ಗೊತ್ತೇ ಆಗುವುದಿಲ್ಲ. ಉದ್ದದ ಹೋಸ್ ಹಾಕಿ, ಬ್ರೇಕ್ ಲೈನಿನ ಗಾಳಿ ತೆಗೆದ ಮೇಲೆಯೇ ಮುಂದುವರಿದೆ. ಎಬಿಎಸ್ ವೈರನ್ನೂ ಹೀಗೇ ನೋಡಬೇಕು.

ಆಮೇಲೆ ಪ್ಯಾನ್‌ಹಾರ್ಡ್ ರಾಡ್. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಈ ಅಡ್ಡ ಸರಳಿನ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಚಾಸಿ ಮೇಲೆದ್ದರೆ ರಾಡ್ ಇನ್ನಷ್ಟು ಓರೆಯಾಗಿ, ಆಕ್ಸಲನ್ನು ಪಕ್ಕಕ್ಕೆ ಎಳೆಯುತ್ತದೆ. ಎಡಬಲ ಟೈರಿನಿಂದ ಚಾಸಿಗೆ ಅಳೆದು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿ ನಡುವಿಗೆ ತಂದೆ.

ಲಿಫ್ಟ್ ಮಾಡಿದಾಗ ಮುಂದಿನ ಆಕ್ಸಲ್ ತುಸು ತಿರುಗಿ ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕೂಡ ಕಡಿಮೆಯಾಗುತ್ತದೆ. ಆಗ ವೇಗದಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ನನ್ನ ಮಟ್ಟಿಗೆ ಇದು ಎತ್ತರಕ್ಕಿಂತ ಮುಖ್ಯ. ಕ್ಯಾಸ್ಟರ್ ಸರಿಪಡಿಸುವ ಬುಷ್ (ಕೀಲಿನಲ್ಲಿ ಕೂರುವ ಮೆತ್ತನೆಯ ಬಳೆ) ಹಾಕಿಸಿದೆ. ಬಿಟ್ಟರೂ ನಡೆಯುತ್ತೆ ಅನ್ನುವವರ ಮಾತು ಕೇಳಬೇಡಿ.

ಹೊಸ ಎತ್ತರಕ್ಕೆ ತಕ್ಕಂತೆ ಹಾಕಿದ ಉದ್ದದ ಶಾಕ್ ಪೂರ್ತಿ ಒತ್ತಿ ಮುಚ್ಚಿದಾಗಲೂ ಹಳೆಯದಕ್ಕಿಂತ ಉದ್ದವೇ ಅಲ್ವಾ? ಅದು ಒಳಗೇ ಬಡಿದುಕೊಳ್ಳದಿರಲಿ ಅಂತ ಆಕ್ಸಲ್ ತೀರಾ ಮೇಲೇರದಂತೆ ತಡೆಯುವ ಬಂಪ್ ಸ್ಟಾಪನ್ನೂ ಎತ್ತರಿಸಿದೆ.

ರಬ್ಬರ್ ಬುಷ್‌ಗಳ ಬೋಲ್ಟನ್ನು ಕೊನೆಯ ಬಿಗಿ ಬಿಗಿದದ್ದು ಗಾಡಿ ಚಕ್ರದ ಮೇಲೆ ನಿಂತ ಮೇಲೆ. ಜೋತಾಡುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೆಡ್‌ಲೈಟ್ ತಗ್ಗಿಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ. ಸ್ವಲ್ಪ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ಎಲ್ಲಾ ಬೋಲ್ಟ್‌ಗಳನ್ನು ಬಿಗಿ ಅಳೆಯುವ ಟಾರ್ಕ್ ರೆಂಚ್‌ನಿಂದ ಇನ್ನೊಮ್ಮೆ ನೋಡಿದೆ.