ಲಕ್ಷ, ಕೋಟಿ ಕಲಿಸುವಾಗ ಸೊನ್ನೆ ಎಲ್ಲಿ ತಪ್ಪುತ್ತದೆ? – ನನ್ನ ಅನುಭವ

ನಲವತ್ತು ಸಾವಿರದ ಏಳು. ಐದನೇ ತರಗತಿಯಲ್ಲಿ ಇದನ್ನು ಬಾಯಲ್ಲಿ ಹೇಳಿ, ಬರೆಯಿರಿ ಅನ್ನಿ. 407, 4007, 400007, ಮೂರೂ ಬರುತ್ತವೆ. ನಡುವೆ ಕೆಲವರು 40,007 ಅಂತ ಸರಿಯಾಗಿಯೂ ಬರೆದಿರುತ್ತಾರೆ. ತಪ್ಪು ಬರೆದ ಮಕ್ಕಳನ್ನು ಕರೆದು "ಸ್ಥಾನಗಳ ಹೆಸರು ಹೇಳು" ಅಂದರೆ ಬಿಡಿ, ಹತ್ತು, ನೂರು, ಸಾವಿರ, ಹತ್ತು ಸಾವಿರ, ಲಕ್ಷ ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಬಾಯಿಪಾಠ ಪಕ್ಕಾ ಇದೆ, ಆದರೆ ಬರೆಯುವಾಗ ಅದು ಕೈಗೆ ಸಿಗುವುದಿಲ್ಲ.

ನಾನು ಮಲೆನಾಡಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ಕಲಿಸುತ್ತೇನೆ. ನಲಿಕಲಿ (ಒಂದರಿಂದ ಮೂರನೇ ತರಗತಿವರೆಗಿನ ಚಟುವಟಿಕೆ ಆಧಾರಿತ ಕಲಿಕೆ) ಮುಗಿಸಿ ಬರುವ ಮಕ್ಕಳು ಮೂರಂಕಿ ಸಂಖ್ಯೆಗಳನ್ನು ಚೆನ್ನಾಗಿಯೇ ಓದುತ್ತಾರೆ. ಎಡವುವುದು ಸಾವಿರ ದಾಟಿದ ಮೇಲೆ, ಅದರಲ್ಲೂ ನಡುವೆ ಸೊನ್ನೆ ಬಂದಾಗ. ಯಾಕೆ ಅಂತ ನೋಡಿದರೆ ಕಾರಣ ಸರಳ. ಮಾತಿನಲ್ಲಿ ಸೊನ್ನೆಗೆ ಸದ್ದೇ ಇಲ್ಲ. ನಲವತ್ತು ಸಾವಿರದ ಏಳು ಅನ್ನುವಾಗ ಕಿವಿಗೆ ಬೀಳುವುದು ನಲವತ್ತು, ಸಾವಿರ, ಏಳು. ಖಾಲಿ ಇರುವ ನೂರು, ಹತ್ತುಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 407 ಬರೆದ ಮಗು ಕೇಳಿದ್ದನ್ನು ಬರೆದಿದೆ. 400007 ಬರೆದ ಮಗು 40000 ಅಂತ ಪೂರ್ತಿ ಬರೆದು ಪಕ್ಕದಲ್ಲಿ 7 ಸೇರಿಸಿದೆ. ಎರಡರಲ್ಲೂ ಒಂದು ಯೋಚನೆ ಇದೆ. ಹಾಗಾಗಿ "ತಪ್ಪು, ಹತ್ತು ಸಲ ಬರೆ" ಅಂದರೆ ಏನೂ ಉಪಯೋಗವಾಗುವುದಿಲ್ಲ. ಖಾಲಿ ಜಾಗವೂ ಜಾಗವೇ ಅಂತ ಮಗುವಿಗೆ ಕೈಯಾರೆ ಗೊತ್ತಾಗಬೇಕು.

ನಾನು ಶುರು ಮಾಡುವುದು ನೋಟಿನ ಆಟದಿಂದ. ಗಣಿತ ಕಿಟ್‌ನಲ್ಲಿ ಆಟದ ನೋಟುಗಳಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿಕೊಂಡರೂ ನಡೆಯುತ್ತದೆ. ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಈ ಆಟದಲ್ಲಿ 20, 50, 200, 500ರ ನೋಟು ಬೇಡವೇ ಬೇಡ. ಅಂಗಡಿ ಲೆಕ್ಕಕ್ಕೆ ಅವು ಬೇಕು ನಿಜ, ಆದರೆ ಇಲ್ಲಿ ಹತ್ತು-ಹತ್ತರ ಲಯ ಕೆಡಿಸುತ್ತವೆ. 1, 10, 100, ಆಮೇಲೆ ನಾವೇ ಮಾಡಿದ 1,000 ಮತ್ತು 10,000, ಇಷ್ಟೇ. ನೆಲದ ಮೇಲೆ ಹಳೇ ಪೇಪರ್ ಹಾಸಿ ಐದು ಕಾಲಂ ಗೆರೆ ಎಳೆಯುತ್ತೇವೆ. ನಾಲ್ಕು ಮಕ್ಕಳ ಗುಂಪು, ಅದರಲ್ಲಿ ಒಬ್ಬರು ಬ್ಯಾಂಕು. ಎರಡು ದಾಳ ಹಾಕಿ ಬಿದ್ದಷ್ಟು ರೂಪಾಯಿ ತಗೊಳ್ಳಬೇಕು, ಬೇಗ ಬೆಳೆಯಬೇಕಿದ್ದರೆ ಬಿದ್ದಷ್ಟು ನೂರರ ನೋಟು. ನಿಯಮ ಒಂದೇ: ಯಾವ ಕಾಲಂನಲ್ಲೂ ಹತ್ತು ನೋಟು ಇರಬಾರದು. ಹತ್ತು ಆದ ತಕ್ಷಣ ಬ್ಯಾಂಕಿಗೆ ಕೊಟ್ಟು ಎಡಗಡೆ ಕಾಲಂಗೆ ಒಂದೇ ಒಂದು ದೊಡ್ಡ ನೋಟು ತರಬೇಕು.

ಹತ್ತು ನೋಟು ಕೊಟ್ಟಾಗ ಆ ಕಾಲಂ ಖಾಲಿಯಾಗುತ್ತದಲ್ಲ, ಅಲ್ಲಿ ಸುಮ್ನೆ ಬಿಡುವಂತಿಲ್ಲ. ಒಂದು ಬಾಟಲಿ ಮುಚ್ಚಳ ಇಡಬೇಕು. ಅದರ ಮೇಲೆ 0 ಬರೆದಿರುತ್ತದೆ. ಒಂದು ನೋಟು ಬಂದರೆ ಮುಚ್ಚಳ ತೆಗೆಯಬೇಕು, ಖಾಲಿಯಾದರೆ ಮತ್ತೆ ಇಡಬೇಕು. ಈ ಮುಚ್ಚಳ ಇಡುವುದು, ತೆಗೆಯುವುದೇ ನನ್ನ ಪಾಠದ ಮುಖ್ಯ ಭಾಗ. ಆಟದ ನಡುವೆ "ಈಗ ನಿನ್ನ ಹತ್ತಿರ ಎಷ್ಟಿದೆ, ಬರೆದು ತೋರಿಸು" ಅಂದರೆ ಮಗು ಪೇಪರ್ ನೋಡಿಕೊಂಡು ಎಡದಿಂದ ಬರೆಯುತ್ತಾ ಹೋಗುತ್ತದೆ. ನಾಲ್ಕು ನೋಟು, ಮುಚ್ಚಳ, ಮುಚ್ಚಳ, ಮುಚ್ಚಳ, ಏಳು ನೋಟು. 40,007 ತಾನಾಗಿ ಬರುತ್ತದೆ.

ಆಮೇಲೆ ಅದೇ ಆಟ ಉಲ್ಟಾ. ಪ್ರತಿ ಗುಂಪಿಗೂ ಒಂದೇ ಒಂದು 10,000ದ ನೋಟು, ಉಳಿದ ನಾಲ್ಕು ಕಾಲಂನಲ್ಲಿ ಮುಚ್ಚಳ. "ಬ್ಯಾಂಕಿಗೆ ಒಂದು ರೂಪಾಯಿ ಕೊಡಿ." ಚಿಲ್ಲರೆ ಇಲ್ಲ! ಒಂದು ಹುಡುಗಿ ಹತ್ತು ಸಾವಿರದ ನೋಟನ್ನು ಬ್ಯಾಂಕಿಗೆ ಕೊಟ್ಟು ನೇರವಾಗಿ ಒಂದು ರೂಪಾಯಿ ನೋಟುಗಳನ್ನೇ ಕೇಳಿದಳು. ಬ್ಯಾಂಕಿನ ಹುಡುಗ "ಅಷ್ಟೊಂದು ಇಲ್ಲ ಕಣೆ, ಸಾವಿರದ್ದು ತಗೋ" ಅಂದ. ಸಾವಿರದ ಹತ್ತು ನೋಟುಗಳು ಬಂದವು. ಅದರಲ್ಲಿ ಒಂದನ್ನು ಮುರಿಸಿ ಹತ್ತು ನೂರು, ಅದರಲ್ಲಿ ಒಂದನ್ನು ಮುರಿಸಿ ಹತ್ತು ಹತ್ತು, ಅದರಲ್ಲಿ ಒಂದನ್ನು ಮುರಿಸಿ ಹತ್ತು ಬಿಡಿ. ಒಂದು ಕೊಟ್ಟಳು. ಪೇಪರ್ ಮೇಲೆ ನಾಲ್ಕು ಕಾಲಂನಲ್ಲೂ ಒಂಬತ್ತೊಂಬತ್ತು ನೋಟು ಉಳಿದವು. "ಮಿಸ್, ಎಲ್ಲಾ ಒಂಬತ್ತು!" ಅಂತ ಕೂಗಿದಳು. 10,000ದ ಹಿಂದಿನ ಸಂಖ್ಯೆ ಯಾವುದು ಅಂದರೆ 9,000 ಅಂತಲೋ 9,990 ಅಂತಲೋ ಹೇಳುತ್ತಿದ್ದ ಮಕ್ಕಳಿಗೆ ಅವತ್ತು ಬೇರೆ ವಿವರಣೆ ಬೇಕಾಗಲಿಲ್ಲ. ದಶಕ ತಗೊಂಡು ಕಳೆಯುವ ಲೆಕ್ಕದಲ್ಲಿ ಸೊನ್ನೆ ಯಾಕೆ ಒಂಬತ್ತಾಗುತ್ತದೆ ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತದೆ.

ಐದನೇ ತರಗತಿಗೆ ಐದಂಕಿ ಸಾಕು ಅಂತ ಕೆಲವರು ಹೇಳುತ್ತಾರೆ. ಆದರೆ ಮಕ್ಕಳ ಕಿವಿಗೆ ದಿನಾ ಲಕ್ಷ, ಕೋಟಿ ಬೀಳುತ್ತಲೇ ಇರುತ್ತದೆ. ಸಾಲ, ಸೈಟು, ಟ್ರ್ಯಾಕ್ಟರು, ಎಲ್ಲವೂ ಲಕ್ಷದ ಮಾತೇ. ಕುತೂಹಲ ಇರುವಾಗಲೇ ಕಲಿಸುವುದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಅದೂ ಅಲ್ಲದೆ ನಮ್ಮ ಅಲ್ಪವಿರಾಮದ ಪದ್ಧತಿ ಮಕ್ಕಳಿಗೆ ಬಹಳ ಸಹಾಯ ಮಾಡುತ್ತದೆ, ಅದನ್ನು ನಾವು ಸರಿಯಾಗಿ ಬಳಸಿಕೊಳ್ಳುತ್ತಿಲ್ಲ.

ನಾನು ಇದನ್ನು ಮನೆಗಳು ಅಂತ ಹೇಳಿಕೊಡುತ್ತೇನೆ. ಎಡದಿಂದ ಕೋಟಿ ಮನೆ, ಲಕ್ಷದ ಮನೆ, ಸಾವಿರದ ಮನೆ, ಕೊನೆಗೆ ನೂರರ ಮನೆ. ಲಕ್ಷಕ್ಕೆ ಎರಡು ಕುರ್ಚಿ, ಸಾವಿರಕ್ಕೆ ಎರಡು ಕುರ್ಚಿ, ಕೊನೇ ಮನೆಗೆ ಮೂರು ಕುರ್ಚಿ. ಕುರ್ಚಿ ಖಾಲಿ ಬಿಡುವಂತಿಲ್ಲ, ಯಾರೂ ಇಲ್ಲದಿದ್ದರೆ ಸೊನ್ನೆ ಕೂರಬೇಕು. ಎಲ್ಲಕ್ಕಿಂತ ಎಡಗಡೆಯ ಮನೆಗೆ ಮಾತ್ರ ವಿನಾಯಿತಿ, ಅಲ್ಲಿ ಒಬ್ಬರೇ ಇದ್ದರೂ ಪರವಾಗಿಲ್ಲ. ಈಗ "ಎರಡು ಲಕ್ಷದ ಮೂರು ಸಾವಿರದ ನಾಲ್ಕು" ಅಂತ ನಿಧಾನವಾಗಿ ಹೇಳುತ್ತೇನೆ. ಲಕ್ಷ ಅಂತ ಕೇಳಿದ ತಕ್ಷಣ 2 ಬರೆದು ಅಲ್ಪವಿರಾಮ. ಸಾವಿರ ಅಂತ ಕೇಳಿದಾಗ ಎರಡು ಕುರ್ಚಿ ತುಂಬಬೇಕು, ಇರುವುದು ಮೂರು ಮಾತ್ರ, ಹಾಗಾಗಿ 03, ಅಲ್ಪವಿರಾಮ. ಉಳಿದದ್ದು ನಾಲ್ಕು, ಕುರ್ಚಿ ಮೂರು, 004. ಒಟ್ಟಿಗೆ 2,03,004. ಲಕ್ಷ, ಸಾವಿರ ಅನ್ನುವ ಮಾತು ಕೇಳಿಸಿದಲ್ಲೆಲ್ಲ ಅಲ್ಪವಿರಾಮ ಬೀಳುತ್ತದೆ ಅನ್ನೋದು ಮಕ್ಕಳಿಗೆ ಒಮ್ಮೆ ಹೊಳೆದರೆ ಸಾಕು, ಎರಡಂಕಿ ಮತ್ತು ಮೂರಂಕಿ ಓದಲು ಬರುವ ಮಗು ಕೋಟಿಯನ್ನೂ ಓದುತ್ತದೆ. 6,10,95,297 ಅಂತ ಬರೆದು ತೋರಿಸಿದರೆ ಆರು, ಹತ್ತು, ತೊಂಬತ್ತೈದು, ಇನ್ನೂರ ತೊಂಬತ್ತೇಳು ಅಂತ ಮೊದಲು ಓದಿಸಿ, ಆಮೇಲೆ ನಡುವೆ ಕೋಟಿ, ಲಕ್ಷ, ಸಾವಿರ ಸೇರಿಸಲು ಹೇಳುತ್ತೇನೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಅದು.

ಅಭ್ಯಾಸಕ್ಕೆ ನಮ್ಮ ಕಡೆ ಅಡಿಕೆ ಧಾರಣೆಗಿಂತ ಒಳ್ಳೆಯ ಪುಸ್ತಕ ಇಲ್ಲ. ಪತ್ರಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಪ್ರತಿಯೊಂದು ಬಗೆಗೂ ಕನಿಷ್ಠ, ಗರಿಷ್ಠ ಬೆಲೆ ಬರುತ್ತದೆ. ಬೆಲೆ ಎಷ್ಟೋ ಸಲ 9ಕ್ಕೆ ಮುಗಿಯುತ್ತದೆ, ನಡುವೆ ಸೊನ್ನೆಯೂ ಬರುತ್ತದೆ. 48,099, 48,909, 48,009 ಇವನ್ನು ಒಂದರ ಕೆಳಗೆ ಒಂದು ಬರೆದು ಯಾವುದು ಜಾಸ್ತಿ, ಎಷ್ಟು ಜಾಸ್ತಿ ಅಂದರೆ ತರಗತಿಯಲ್ಲಿ ಜೋರು ಚರ್ಚೆಯಾಗುತ್ತದೆ. ಮನೆಯಲ್ಲಿ ಅಜ್ಜ "ಇವತ್ತು ರಾಶಿ ಎಷ್ಟು ನೋಡೋ" ಅಂತ ಕೇಳಿದಾಗ ಸರಿಯಾಗಿ ಓದಿ ಹೇಳಿದೆ ಅಂತ ಒಬ್ಬ ಹುಡುಗ ಮಾರನೇ ದಿನ ಬಂದು ಹೇಳಿದ್ದ. ಪಠ್ಯದ ಲೆಕ್ಕವೆಂದರೆ ತಲೆ ತಗ್ಗಿಸುತ್ತಿದ್ದ ಮಗು ಅದು. ತೆಂಗು, ರೇಷ್ಮೆಗೂಡು, ಈರುಳ್ಳಿ, ನಿಮ್ಮ ಊರಿನಲ್ಲಿ ಯಾವುದು ಇದೆಯೋ ಅದನ್ನೇ ತಗೊಳ್ಳಿ.

ಇನ್ನೊಂದು ಪ್ರಶ್ನೆಯನ್ನು ನಾನು ಬಿಡದೆ ಕೇಳುತ್ತೇನೆ. 45,300ರಲ್ಲಿ ನೂರರ ಸ್ಥಾನದಲ್ಲಿ ಎಷ್ಟಿದೆ? ಮೂರು. ಇದನ್ನು ಎಲ್ಲರೂ ಹೇಳುತ್ತಾರೆ. ಹಾಗಾದರೆ 45,300ರಲ್ಲಿ ಒಟ್ಟು ಎಷ್ಟು ನೂರುಗಳಿವೆ? ಇಲ್ಲಿ ತರಗತಿ ಮೌನವಾಗುತ್ತದೆ, ಆಮೇಲೆ ಮತ್ತೆ ಮೂರು ಅನ್ನುತ್ತಾರೆ. ಬ್ಯಾಂಕಿನಲ್ಲಿ ಬರೀ ನೂರರ ನೋಟೇ ಇದೆ, 45,300 ಕೊಡಬೇಕು, ಎಷ್ಟು ನೋಟು ಎಣಿಸುತ್ತಾರೆ ಅಂತ ಕೇಳಿದರೆ ದಾರಿ ಸಿಗುತ್ತದೆ. ಒಂದು ಸಾವಿರಕ್ಕೆ ಹತ್ತು ನೋಟು, 45 ಸಾವಿರಕ್ಕೆ 450, ಮೇಲೆ ಮೂರು, ಒಟ್ಟು 453. ಸ್ಥಾನದಲ್ಲಿರುವ ಅಂಕಿ ಬೇರೆ, ಆ ಸಂಖ್ಯೆಯೊಳಗೆ ಅಡಗಿರುವ ನೂರುಗಳ ಲೆಕ್ಕ ಬೇರೆ. ಸ್ಥಾನಬೆಲೆ, ಮುಖಬೆಲೆ ಅಂತ ಪರೀಕ್ಷೆಗೆ ಬರೆಸಿ ಮುಂದೆ ಹೋದರೆ ಈ ವ್ಯತ್ಯಾಸ ಕೈತಪ್ಪುತ್ತದೆ, ಭಾಗಾಕಾರದ ಹೊತ್ತಿಗೆ ತೊಂದರೆ ಕೊಡುತ್ತದೆ.

ಇಷ್ಟೆಲ್ಲ ಆದರೂ ಲಕ್ಷ ಎಷ್ಟು ದೊಡ್ಡದು, ಕೋಟಿ ಎಷ್ಟು ದೊಡ್ಡದು ಅನ್ನೋದು ಮಕ್ಕಳಿಗೆ ಗೊತ್ತಿರುವುದಿಲ್ಲ. ಎರಡೂ "ತುಂಬಾ" ಅಷ್ಟೇ. ಅದಕ್ಕೆ ಗ್ರಾಫ್ ಹಾಳೆ ತರಿಸುತ್ತೇನೆ, ಮಿಲಿಮೀಟರ್ ಗೆರೆ ಇರುವಂಥದ್ದು. 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಒಂದು ತುಂಡು ಕತ್ತರಿಸಿದರೆ ಅದರಲ್ಲಿ ಅಡ್ಡಕ್ಕೆ 100, ಉದ್ದಕ್ಕೆ 100, ಒಟ್ಟು 10,000 ಪುಟ್ಟ ಚೌಕಗಳು. ಪ್ರತಿ ಮಗುವಿಗೂ ಒಂದೊಂದು ತುಂಡು. ಪೆನ್ಸಿಲ್ ಮೊನೆಯಿಂದ ಒಂದೇ ಒಂದು ಚೌಕಕ್ಕೆ ಬಣ್ಣ ಹಾಕಲು ಹೇಳುತ್ತೇನೆ. ಅದು 1. ಆಮೇಲೆ ಹತ್ತರ ಒಂದು ಸಾಲು, ನೂರರ ಒಂದು ಚೌಕ, ಸಾವಿರದ ಒಂದು ಪಟ್ಟಿ. ಹತ್ತು ಮಕ್ಕಳು ತಮ್ಮ ತುಂಡುಗಳನ್ನು ಸಾಲಾಗಿ ಅಂಟಿಸಿದರೆ ಒಂದು ಲಕ್ಷ, ಒಂದು ಮೀಟರ್ ಉದ್ದದ ಪಟ್ಟಿ. ಅಂಥ ಹತ್ತು ಪಟ್ಟಿ ಒಂದರ ಕೆಳಗೆ ಒಂದು ಬಂದರೆ ಗೋಡೆಯ ಮೇಲೆ ಒಂದು ಮೀಟರ್ ಚೌಕ, ಹತ್ತು ಲಕ್ಷ. ನಾವು ಅಷ್ಟನ್ನು ನಿಜವಾಗಿ ಅಂಟಿಸಿದೆವು. ನಾಲ್ಕನೇ ತರಗತಿಯವರೂ ಬಂದು ಸೇರಿಕೊಂಡರು, ಹಾಳೆಯ ಖರ್ಚೇನೂ ದೊಡ್ಡದಲ್ಲ.

ಕೋಟಿಗೆ ಹತ್ತು ಗೋಡೆಚೌಕ ಬೇಕು, ಅಂದರೆ ಒಂದು ಮೀಟರ್ ಎತ್ತರ, ಹತ್ತು ಮೀಟರ್ ಉದ್ದ. ಅದನ್ನು ಜಗಲಿಯ ಗೋಡೆಯಲ್ಲಿ ಸೀಮೆಸುಣ್ಣದಿಂದ ಅಳೆದು ಗುರುತು ಹಾಕಿದೆವು. ಒಬ್ಬ ಮನುಷ್ಯನಿಗೆ ಒಂದು ಪುಟ್ಟ ಚೌಕ ಅಂತಿಟ್ಟುಕೊಂಡರೆ ಎರಡು ಸಾವಿರ ಜನರಿರುವ ಒಂದು ಊರು ಒಂದು ತುಂಡಿನಲ್ಲಿ ಎರಡು ಸೆಂಟಿಮೀಟರ್ ಅಗಲದ ಪಟ್ಟಿ. 2011ರ ಲೆಕ್ಕದಲ್ಲಿ ಬೆಂಗಳೂರು ನಗರಕ್ಕೆ 84 ಲಕ್ಷ ಜನ, ಅಂದರೆ ಜಗಲಿಯಲ್ಲಿ ಎಂಟೂವರೆ ಮೀಟರ್ ಹತ್ತಿರ. ಇಡೀ ಕರ್ನಾಟಕಕ್ಕೆ 61 ಮೀಟರ್, ಅದು ಗೇಟು ದಾಟಿ ರಸ್ತೆಗೆ ಹೋಯಿತು. ಮಕ್ಕಳು ಟೇಪು ಹಿಡಿದು ರಸ್ತೆವರೆಗೂ ಓಡಿದರು. ಭಾರತದ 121 ಕೋಟಿಗೆ 1,210 ಮೀಟರ್, ಎಲ್ಲಿಗೆ ಮುಟ್ಟುತ್ತದೆ ಅಂತ ಅವರೇ ಲೆಕ್ಕ ಹಾಕಿ ಒಂದು ಕಿಲೋಮೀಟರ್ ದಾಟುತ್ತದೆ ಅಂದರು.

ಸೆಕೆಂಡಿನ ಲೆಕ್ಕವೂ ಮಕ್ಕಳಿಗೆ ಇಷ್ಟ. ಒಂದು ಲಕ್ಷ ಸೆಕೆಂಡ್ ಅಂದರೆ ಒಂದು ದಿನ, ಮೇಲೆ ಹತ್ತಿರ ಹತ್ತಿರ ನಾಲ್ಕು ಗಂಟೆ. ಒಂದು ಕೋಟಿ ಸೆಕೆಂಡ್ ಅಂದರೆ ಸುಮಾರು 116 ದಿನ, ಜೂನ್ ಮೊದಲ ದಿನದಿಂದ ಎಣಿಸಿದರೆ ಸೆಪ್ಟೆಂಬರ್ ಕೊನೇ ವಾರ. ಲಕ್ಷಕ್ಕೂ ಕೋಟಿಗೂ ಇರುವ ಅಂತರ ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಮಿಲಿಯನ್ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ, ಯೂಟ್ಯೂಬ್‌ನಲ್ಲಿ 1ಎಂ ಅಂತ ನೋಡಿರುತ್ತಾರೆ. ಗೋಡೆಯ ಮೇಲಿನ ಆ ಹತ್ತು ಲಕ್ಷದ ಚೌಕವೇ ಒಂದು ಮಿಲಿಯನ್ ಅಂತ ತೋರಿಸಿ, ಮಿಲಿಯನ್ ಲೆಕ್ಕದವರು ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕುತ್ತಾರೆ ಅಂತ ಹೇಳಿ ಅಷ್ಟಕ್ಕೇ ಬಿಡುತ್ತೇನೆ. ಈ ವಯಸ್ಸಿನಲ್ಲಿ ಎರಡೂ ಪದ್ಧತಿ ಒಟ್ಟಿಗೆ ಬೇಡ. ಕೋಟಿಯ ಆಚೆ ಏನು ಅಂತ ಕೇಳಿದವರಿಗೆ ಮಹಾವೀರಾಚಾರ್ಯರ ಕಥೆ ಹೇಳುತ್ತೇನೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅವರು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದರು. ನಮ್ಮ ನಾಡನ್ನು ಆಳಿದ ರಾಜನ ಕಾಲದ ಗಣಿತಜ್ಞ ಅಂದಾಗ ಮಕ್ಕಳ ಕಣ್ಣು ಅರಳುತ್ತದೆ. 24 ಕುರ್ಚಿ ಬರೆಯುತ್ತೇವೆ ಅಂತ ಹಟ ಹಿಡಿಯುತ್ತಾರೆ, ಬರೆಯಲಿ ಬಿಡಿ.

ಎಲ್ಲರಿಗೂ ಒಂದೇ ವೇಗದಲ್ಲಿ ಬರುವುದಿಲ್ಲ. 98,765 ಮತ್ತು 1,02,003ರಲ್ಲಿ ಯಾವುದು ದೊಡ್ಡದು ಅಂದರೆ 9, 8 ನೋಡಿ ಮೊದಲನೆಯದು ಅನ್ನುವ ಮಕ್ಕಳು ಕೊನೆವರೆಗೂ ಇರುತ್ತಾರೆ. ಅವರಿಗೆ ಮತ್ತೆ ಮತ್ತೆ ನಿಯಮ ಹೇಳುವುದಕ್ಕಿಂತ ನೋಟು, ಮುಚ್ಚಳಕ್ಕೆ ವಾಪಸ್ ಕಳಿಸುವುದೇ ಮೇಲು. ಮಣಿಕಟ್ಟು (ಕಂಬಿಗೆ ಮಣಿ ಹಾಕಿ ಎಣಿಸುವ ಅಬ್ಯಾಕಸ್) ನಾನು ಬಳಸುತ್ತೇನೆ, ಆದರೆ ನೋಟಿನ ಆಟ ಆದ ಮೇಲೆ ಮಾತ್ರ. ಮಣಿಕಟ್ಟಿನಲ್ಲಿ ಎಲ್ಲಾ ಮಣಿಯೂ ಒಂದೇ ಗಾತ್ರ ಇರುವುದರಿಂದ ಬೆಲೆ ಜಾಗದಿಂದ ಬರುತ್ತದೆ ಅಂತ ಮೊದಲೇ ಗೊತ್ತಿರಬೇಕು. ಯಾರಿಗೆ ಬಂದಿದೆ ಅಂತ ತಿಳಿಯಲು ನಾನು ಕೇಳುವ ಒಂದು ಲೆಕ್ಕ ಇದೆ: 3,95,420ಕ್ಕೆ ಹತ್ತು ಸಾವಿರ ಸೇರಿಸು, ಕೆಳಗೆ ಕೂಡುವ ಲೆಕ್ಕ ಬರೆಯದೆ. 4,05,420 ಅಂತ ನೇರವಾಗಿ ಹೇಳಿದ ಮಗು ಮುಂದೆ ಹೋಗಬಹುದು. 3,105,420 ಅಂತ ಬರೆದರೆ ಸಾವಿರದ ಮನೆಯಲ್ಲಿ ಎಷ್ಟು ಕುರ್ಚಿ ಅಂತ ಅಷ್ಟೇ ಕೇಳಿ, ಹೆಚ್ಚಿನವರು ತಾವೇ ಸರಿಮಾಡಿಕೊಳ್ಳುತ್ತಾರೆ.

ಗ್ರಾಫ್ ತುಂಡುಗಳನ್ನು ಪಾಠ ಮುಗಿಯಿತು ಅಂತ ಎಸೆಯಬೇಡಿ. ದಶಮಾಂಶ ಬಂದಾಗ ಅದೇ 10 ಸೆಂಟಿಮೀಟರ್ ತುಂಡನ್ನು 1 ಅಂತ ಕರೆಯಿರಿ. ಒಂದು ಸೆಂಟಿಮೀಟರ್ ಅಗಲದ ಪಟ್ಟಿ 0.1, ಒಂದು ಸೆಂಟಿಮೀಟರ್ ಚೌಕ 0.01. ಎಡಕ್ಕೆ ಹೋದರೆ ಹತ್ತು ಪಟ್ಟು, ಬಲಕ್ಕೆ ಬಂದರೆ ಹತ್ತನೇ ಒಂದು ಭಾಗ ಅನ್ನುವ ನಿಯಮ ಚುಕ್ಕಿ ದಾಟಿದರೂ ಬದಲಾಗುವುದಿಲ್ಲ. ನೋಟಿನ ಆಟ ಚೆನ್ನಾಗಿ ಆಡಿದ ಮಕ್ಕಳಿಗೆ ಈ ಭಾಗ ಬೇಗ ಹಿಡಿಸುತ್ತದೆ, ಒಂದು ರೂಪಾಯಿಯನ್ನೂ ಮುರಿಸಬಹುದಲ್ವಾ ಮಿಸ್ ಅಂತ ಅವರೇ ಕೇಳುತ್ತಾರೆ.