ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆಯಾ? ಮೊದಲು ನೀರು ನೋಡಿ

ಬೆಳಿಗ್ಗೆ ಎದ್ದು ನೋಡಿದರೆ ಗೋಲ್ಡ್‌ಫಿಶ್ ನೀರಿನ ಮೇಲ್ಗಡೆ ಬಂದು ಗುಟುಗುಟು ಬಾಯಿ ಬಿಡುತ್ತಿರುತ್ತದೆ. ಇಲ್ಲವೇ ರೆಕ್ಕೆ ಮುದುಡಿಕೊಂಡು ಮೂಲೆಯಲ್ಲಿ ತಳ ಹಿಡಿದು ಕೂತಿರುತ್ತದೆ. ರೆಕ್ಕೆಯಲ್ಲಿ ಕೆಂಪು ಗೆರೆ, ಊಟ ಹಾಕಿದರೂ ತಿರುಗಿ ನೋಡುವುದಿಲ್ಲ. ಆಗ ಎಲ್ಲರೂ ಅಂಗಡಿಗೆ ಓಡಿ ನೀಲಿ ಔಷಧಿ ತರುತ್ತಾರೆ. ದಯವಿಟ್ಟು ಸ್ವಲ್ಪ ತಡೆಯಿರಿ. ಟ್ಯಾಂಕ್ ಹೊಸದಾಗಿದ್ದರೆ ಬಹಳ ಸಲ ಕಾರಣ ರೋಗ ಅಲ್ಲ, ನೀರು.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ, ತಿನ್ನದೆ ಉಳಿದ ಊಟ ಕೊಳೆತರೂ ಅದೇ ಅಮೋನಿಯಾ. ಫಿಲ್ಟರಿನ ಸ್ಪಾಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ನೀರು ಕನ್ನಡಿಯ ಹಾಗೆ ತಿಳಿಯಾಗಿ ಕಂಡರೂ ಒಳಗೆ ವಿಷ ಇರಬಹುದು.

ಮೊದಲ ಕೆಲಸ, ಊಟ ನಿಲ್ಲಿಸಿ. 2–3 ದಿನ ತಿನ್ನದಿದ್ದರೆ ದೊಡ್ಡ ಗೋಲ್ಡ್‌ಫಿಶ್‌ಗೆ ಏನೂ ಆಗುವುದಿಲ್ಲ. ಏರ್ ಪಂಪ್ ಇದ್ದರೆ ಜೋರಾಗಿ ಬಿಡಿ, ಅಮೋನಿಯಾದಿಂದ ಕಿವಿರು ಸುಟ್ಟ ಮೀನಿಗೆ ಉಸಿರಾಡುವುದೇ ಕಷ್ಟ. ಟೆಸ್ಟ್ ಕಿಟ್ ಸಿಕ್ಕರೆ ನೀರು ಪರೀಕ್ಷಿಸಿ. ಅಮೋನಿಯಾ, ನೈಟ್ರೈಟ್ ಎರಡೂ 0 ಇರಬೇಕು.

ಈಗ ನೀರು ಬದಲಿಸುವುದು. ಇಲ್ಲೇ ಜಾಸ್ತಿ ಜನ ತಪ್ಪು ಮಾಡುವುದು. ಪೈಪ್ ಹಾಕಿ ತಳದ ಕಸದ ಜೊತೆಗೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರು ತೆಗೆಯಿರಿ, ಪೂರ್ತಿ ಖಾಲಿ ಮಾಡಬೇಡಿ. ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಲಿ. ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಕಿವಿರನ್ನೂ ಸುಡುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಹಾಗಾಗಿ ಬಾಟಲಿ ಮೇಲೆ ಬರೆದಷ್ಟು ಆಂಟಿ ಕ್ಲೋರಿನ್ ಹಾಕಿಯೇ ಸುರಿಯಿರಿ. ಬರೀ ಆರ್‌ಒ ನೀರು ಬೇಡ, ಮೀನಿಗೆ ಬೇಕಾದ ಖನಿಜ ಅದರಲ್ಲಿ ಇರುವುದಿಲ್ಲ. ಬೋರ್‌ವೆಲ್ ನೀರಾದರೆ ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ, ನೋಡಿಕೊಳ್ಳಿ. ಪಿಎಚ್ 7 ಇದ್ದದ್ದು 8 ಆದರೆ ಅಮೋನಿಯಾದ ವಿಷದ ಪಾಲು ಸುಮಾರು 10 ಪಟ್ಟು ಏರುತ್ತದೆ. ಪಿಎಚ್ ಅಷ್ಟು ಬೇರೆ ಇದ್ದರೆ ಒಂದೇ ಸಲ ಸುರಿಯದೆ, ದಿನಾ ಸ್ವಲ್ಪ ಸ್ವಲ್ಪ ಬದಲಿಸುವುದು ಕ್ಷೇಮ.

ಸ್ಪಾಂಜನ್ನು ಮಾತ್ರ ನಲ್ಲಿ ಕೆಳಗೆ ಹಿಡಿಯಬೇಡಿ. ನಾನು ಮೊದಲ ಸಲ ಮೀನು ತಂದಾಗ ಟ್ಯಾಂಕ್, ಕಲ್ಲು, ಸ್ಪಾಂಜ್ ಎಲ್ಲಾ ತಿಕ್ಕಿ ತೊಳೆದು ಹೊಸ ನೀರು ತುಂಬಿಸಿದ್ದೆ. ಎರಡು ಮೀನಿನಲ್ಲಿ ಒಂದು ಉಳಿಯಲಿಲ್ಲ. ಇವತ್ತಿಗೂ ಬೇಜಾರಾಗುತ್ತದೆ, ಯಾಕೆಂದರೆ ನೀರನ್ನು ಕಾಯುತ್ತಿದ್ದ ಬ್ಯಾಕ್ಟೀರಿಯಾವನ್ನು ನಾನೇ ಚರಂಡಿಗೆ ಬಿಟ್ಟಿದ್ದೆ. ಸ್ಪಾಂಜ್ ಕಟ್ಟಿಕೊಂಡಿದ್ದರೆ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಒಂದೆರಡು ಸಲ ಹಿಂಡಿ ಸಾಕು. ಮೀನು ಸಾಕುವ ಗೆಳೆಯರಿದ್ದರೆ ಅವರ ಹಳೇ ಫಿಲ್ಟರಿನ ಸ್ಪಾಂಜಿನ ತುಂಡು ಕೇಳಿ ತನ್ನಿ, ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಅದಕ್ಕಿಂತ ಒಳ್ಳೆ ಔಷಧಿ ಇಲ್ಲ. ಆ ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಈ ಒಳ್ಳೆ ಬ್ಯಾಕ್ಟೀರಿಯಾಕ್ಕೂ ಹಾನಿ ಮಾಡಬಲ್ಲದು.

ನೈಟ್ರೈಟ್ ಕಂಡರೆ ಕಲ್ಲುಪ್ಪು ನೆರವಿಗೆ ಬರುತ್ತದೆ. ಉಪ್ಪಿನ ಕ್ಲೋರೈಡ್ ನೈಟ್ರೈಟ್ ಅನ್ನು ಕಿವಿರಿನ ಮೂಲಕ ರಕ್ತಕ್ಕೆ ಹೋಗದಂತೆ ತಡೆಯುತ್ತದೆ. ಲೀಟರಿಗೆ 1 ಗ್ರಾಂ ಸಾಕು, ಬೇರೆ ನೀರಿನಲ್ಲಿ ಕರಗಿಸಿ ನಿಧಾನಕ್ಕೆ ಹಾಕಿ. ಟ್ಯಾಂಕಿನಲ್ಲಿ ಗಿಡ ಇದ್ದರೆ ಅವುಗಳಿಗೆ ಉಪ್ಪು ಆಗಿಬರದೇ ಇರಬಹುದು.

ಅಮೋನಿಯಾ, ನೈಟ್ರೈಟ್ 0ಗೆ ಬಂದು ಅಲ್ಲೇ ನಿಲ್ಲುವವರೆಗೆ ದಿನಾ ನೀರು ನೋಡಿ, ಬೇಕಾದಾಗ ಬದಲಿಸಿ. ಮೀನು ಓಡಾಡಲು ಶುರು ಮಾಡಿದರೆ ದಿನಕ್ಕೊಂದು ಸಲ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಊಟ ಕೊಡಿ. ಈ ಹೊತ್ತಿನಲ್ಲಿ ಗೋಲ್ಡ್‌ಫಿಶ್ ಮೈಮೇಲೆ, ರೆಕ್ಕೆಯ ತುದಿಯಲ್ಲಿ ಕಪ್ಪು ಕಲೆ ಬರಬಹುದು. ಹೆದರಬೇಡಿ. ಅಮೋನಿಯಾದಿಂದ ಸುಟ್ಟ ಜಾಗ ಮಾಯುವಾಗ ಹಾಗಾಗುತ್ತದೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗೇ ಹೋಗುತ್ತದೆ.